ಗೆದ್ದಾಗ ನಾವು, ಕೈತಪ್ಪಿದಾಗ ಅವರು

ಓದತಕ್ಕ ಭಾಗಗಳು: ವಿಮೋಚನಕಾಂಡ 17ನೆಯ ಅಧ್ಯಾಯ, 8ರಿಂದ 13ನೆಯ ವಚನಗಳು, ದಾನಿಯೇಲ 9ನೆಯ ಅಧ್ಯಾಯ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ನಡೆಯುವ ಕುಸ್ತಿಯನ್ನು ನೀವೆಲ್ಲರೂ ನೋಡಿದ್ದೀರಿ. ಇಬ್ಬರು ಪೈಲವಾನರು ಬಹಳ ಹೊತ್ತು ಹೆಣಗಾಡಿದರೂ ಒಬ್ಬನ ಬೆನ್ನಾದರೂ ಮಣ್ಣಿಗೆ ತಾಗದೆ ಹೋದರೆ, ಪಂಚರು ಇಬ್ಬರ ಕೈಗಳನ್ನೂ ಎತ್ತಿಹಿಡಿದು ಕುಸ್ತಿಯು ಸಮವಾಯಿತೆಂದು ಸಾರುವರು. ಆಗ ಜನರು ಏನು ಮಾಡುತ್ತಾರೆ? ಅಖಾಡದಿಂದ ಊರ ಅಗಸೆಯ ವರೆಗೂ, ಅಗಸೆಯಿಂದ ಚಹದ ಅಂಗಡಿಯ ವರೆಗೂ ಅದೇ ಮಾತನ್ನು ಆಡುತ್ತಾ ಹೋಗುತ್ತಾರೆ. ಆ ಪಟ್ಟು ಹಾಕಿದ್ದರೆ ಬೀಳುತ್ತಿದ್ದನು ಎಂದು ಒಬ್ಬನು. ಕಾಲು ಬಿಟ್ಟು ಸೊಂಟ ಹಿಡಿದದ್ದೇ ಕೆಟ್ಟಿತು ಎಂದು ಮತ್ತೊಬ್ಬನು. ಸೋತ ಕುಸ್ತಿಯ ಮಾತು ಎರಡು ದಿನಗಳಲ್ಲಿ ತೀರುವದು. ಸಮವಾದ ಕುಸ್ತಿಯ ಮಾತು ಮುಂದಿನ ಜಾತ್ರೆಯ ವರೆಗೂ ತೀರುವದಿಲ್ಲ. ಯಾಕಂದರೆ ಸೋಲಿನಲ್ಲಿ ಎದುರಾಳಿಯ ಬಲವನ್ನು ಒಪ್ಪಿಕೊಳ್ಳುವದು ಒಂದೇ ಉಳಿದಿರುವದು. ಸಮವಾದದ್ದರಲ್ಲಿಯಾದರೋ ಗೆಲುವು ಕೈಗೆ ಬಂದು ಜಾರಿತೆಂಬ ನೋವು ಉಳಿಯುವದು.

ಕಾಲ್ಚೆಂಡಾಟವು ನಮ್ಮ ಹಳ್ಳಿಗಳಲ್ಲಿ ಬೆಳೆದ ಆಟವಲ್ಲ. ಇಲ್ಲಿ ಕುಸ್ತಿ ಉಂಟು, ಕಬಡ್ಡಿ ಉಂಟು. ಚೆಂಡನ್ನು ಒದೆಯುವ ಆಟವನ್ನು ನೋಡಬೇಕಾದರೆ ಬೆಳಗಾವಿಯ ಶಾಲೆಗಳ ಬಯಲಿಗೆ ಹೋಗಬೇಕು. ಆದರೂ ಮೊಬೈಲು ಮನೆಮನೆಗೆ ಬಂದಿರುವದರಿಂದ ನಮ್ಮ ಹುಡುಗರು ಹೊಲದ ಬದುವಿನ ಮೇಲೆ ಕುಳಿತುಕೊಂಡೇ ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಆಟವನ್ನು ನೋಡುತ್ತಾರೆ. ಆಟ ಮುಗಿದ ಮೇಲೆ ಅವರು ಆಡುವ ಮಾತುಗಳನ್ನು ನಾವು ಕೇಳಿದ್ದೇವೆ. ಅವುಗಳಲ್ಲಿ ನಮ್ಮ ಸಭೆಗಳಿಗೆ ಸೇರಿದ ಒಂದು ಸಂಗತಿ ಇರುವದರಿಂದ ಈ ತಿಂಗಳು ಅದನ್ನೇ ಬರೆಯುತ್ತೇವೆ. ಹಿರಿಯರು ತಾಳ್ಮೆಯಿಂದ ಓದಬೇಕು. ಪೌಲನು ಸಹ ಓಟಗಾರರನ್ನೂ ಮುಷ್ಟಿಕಾಳಗದವರನ್ನೂ ಕೊರಿಂಥದ ಸಭೆಗೆ ಬರೆದ ಪತ್ರಿಕೆಯಲ್ಲಿ ನೆನಸಿದ್ದಾನಷ್ಟೆ.

ಈ ಹುಡುಗರು ಇಂದಿಗೂ ಮರೆಯದೆ ಚರ್ಚಿಸುವ ಆಟವೊಂದು 2015ನೆಯ ಇಸವಿ ಮೇ 31ನೆಯ ತಾರೀಖು ಭಾನುವಾರ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಆ ವರುಷದ ಐ-ಲೀಗ್ ಎಂಬ ಪಂದ್ಯಾವಳಿಯಲ್ಲಿ 11 ತಂಡಗಳಿದ್ದವು. ಒಂದೊಂದು ತಂಡವು 20 ಆಟಗಳನ್ನು ಆಡಬೇಕಾಗಿತ್ತು. ಗೆದ್ದರೆ 3 ಅಂಕಗಳು, ಸಮವಾದರೆ 1, ಸೋತರೆ ಏನೂ ಇಲ್ಲ. 19 ಆಟಗಳು ಮುಗಿದಾಗ ಕಲ್ಕತ್ತೆಯ ಮೋಹನ್ ಬಾಗಾನ್ ತಂಡಕ್ಕೆ 38 ಅಂಕಗಳೂ ಬೆಂಗಳೂರು ತಂಡಕ್ಕೆ 36 ಅಂಕಗಳೂ ಇದ್ದವು. ಕಡೇ ಆಟವು ಇವೆರಡರ ನಡುವೆಯೇ ಬಿದ್ದಿತು. ಬೆಂಗಳೂರು ಗೆದ್ದರೆ 39 ಅಂಕಗಳಿಂದ ಅದೇ ಮೊದಲಿನದಾಗುವದು. ಸಮವಾದರೂ ಸಾಕು, ಕಿರೀಟವು ಕಲ್ಕತ್ತೆಗೆ ಹೋಗುವದು. ಬೆಂಗಳೂರು ತಂಡವು 2013ರಲ್ಲಿ ಹುಟ್ಟಿ, ತನ್ನ ಮೊದಲನೆಯ ವರುಷದಲ್ಲಿಯೇ ಈ ಪಂದ್ಯಾವಳಿಯನ್ನು ಗೆದ್ದಿತ್ತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಹೆಸರಿನಿಂದ ಕೂಡಿಕೊಂಡು ಆಟದ ಉದ್ದಕ್ಕೂ ನಿಂತೇ ಹಾಡುವ ಅಭಿಮಾನಿಗಳ ಗುಂಪು ಅದಕ್ಕೆ ಇತ್ತು.

41ನೆಯ ನಿಮಿಷದಲ್ಲಿ ಜಾನ್ ಜಾನ್ಸನ್ ಎಂಬ ಆಂಗ್ಲ ಆಟಗಾರನು ಬೆಂಗಳೂರಿಗಾಗಿ ಗೋಲು ಹೊಡೆದನು. ಅಲ್ಲಿಂದ ಮುಂದೆ ಕಿರೀಟವು ಬೆಂಗಳೂರಿನ ತಲೆಯ ಮೇಲಿತ್ತು. ಹೀಗೆ 45 ನಿಮಿಷಗಳು ಕಳೆದವು. 87ನೆಯ ನಿಮಿಷದಲ್ಲಿ ಮೋಹನ್ ಬಾಗಾನಿಗೆ ಮೂಲೆಯ ಒದೆತ, ಅಂದರೆ ಹುಡುಗರು ಕಾರ್ನರ್ ಎನ್ನುವದು, ದೊರಕಿತು. ಸೋನಿ ನಾರ್ಡೆ ಎಂಬವನು ಒದೆದ ಚೆಂಡು ಗೋಲಿನ ಮುಂದಕ್ಕೆ ತೇಲಿಬರಲು, ಬೆಲ್ಲೊ ರಜಾಕ್ ಎಂಬ ನೈಜೀರಿಯ ದೇಶದವನು ಎಲ್ಲರಿಗಿಂತ ಮೇಲಕ್ಕೆ ಎದ್ದು ಅದನ್ನು ತಲೆಯಿಂದ ಹೊಡೆದು ಒಳಗೆ ಹಾಕಿದನು. ಆಟವು 1-1 ಆಗಿ ನಿಂತಿತು. 39 ಮತ್ತು 37. ಯಾರೂ ಸೋಲಲಿಲ್ಲ, ಆದರೂ ಒಂದು ಊರೆಲ್ಲ ಬರಿಗೈಯಲ್ಲಿ ಮನೆಗೆ ಹೋಯಿತು.

ಗೆದ್ದವರ ವಿಷಯ ಇಲ್ಲಿ ಒಂದು ಮಾತು. ಮೋಹನ್ ಬಾಗಾನಿನವರು ದೇಶದ ಲೀಗಿನ ಈ ಪಟ್ಟಕ್ಕಾಗಿ 13 ವರುಷ ಕಾದಿದ್ದರು. ಅಲ್ಲದೆ ಆ ತಂಡವು ನಮಗೆ ಪೂರ್ತಿಯಾಗಿ ಪರಕೀಯವೂ ಅಲ್ಲ. 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬಿಳಿಯ ಸಿಪಾಯಿಗಳನ್ನು 2-1ರಿಂದ ಸೋಲಿಸಿ ಷೀಲ್ಡ್ ಗೆದ್ದ ಅದರ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಬೂಟು ಹಾಕಿಕೊಂಡಿದ್ದವನು ಹಿಂದಣ ಸಾಲಿನ ಸುಧೀರ್ ಚಟರ್ಜಿ ಒಬ್ಬನೇ. ಅವನು ಕ್ರೈಸ್ತನು, ಕಲ್ಕತ್ತೆಯ ಭವಾನಿಪುರದಲ್ಲಿ ಲಂಡನ್ ಮಿಶನಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದನು. 1820ರಲ್ಲಿ ಬೆಳಗಾವಿಗೆ ಬಂದು, 1904ರ ವರೆಗೆ ನಮ್ಮ ಸೀಮೆಯಲ್ಲಿ ಸುವಾರ್ತೆ ಸಾರಿದ ಮಿಶನೂ ಅದೇ. ಎದುರು ಗುಂಪಿನಲ್ಲಿ ಯಾರು ಇದ್ದಾರೆಂದು ತಿಳಿಯದೆ ಶಪಿಸುವವನು ಎಷ್ಟೋ ಸಾರಿ ತನ್ನ ಮನೆಯವನನ್ನೇ ಶಪಿಸುತ್ತಾನೆ.

ಇನ್ನು ಚರ್ಚೆಗೆ ಬರುವೆವು. ಇಂಥ ಆಟದ ತರುವಾಯ ಅಭಿಮಾನಿಗಳು ಆಡುವ ಮಾತು ಬರೀ ಹರಟೆಯೆಂದು ತಳ್ಳತಕ್ಕದ್ದಲ್ಲ. ಅದರಲ್ಲಿ ವಿಚಾರ ಉಂಟು. ಒಂದು ಗೋಲಿನಿಂದ ಮುಂದಿರುವವರು ಉಳಿದ ಹೊತ್ತನ್ನು ಹೇಗೆ ಕಳೆಯಬೇಕು? ಎಲ್ಲರೂ ಹಿಂದಕ್ಕೆ ಸರಿದು ಗೋಲಿನ ಬಾಗಿಲನ್ನು ಕಾಯಬೇಕೆಂದು ಕೆಲವರು ಹೇಳುವರು. ಹಾಗೆ ಸರಿದರೆ ಎದುರಾಳಿಗಳು ಹತ್ತಿರ ಬರುವರು, ಬಂದ ಚೆಂಡನ್ನು ಗಾಬರಿಯಿಂದ ಗೆರೆಯ ಆಚೆಗೆ ಹೊಡೆಯಬೇಕಾಗುವದು, ಆಗ ಮೂಲೆಯ ಒದೆತಗಳು ಒಂದರ ಮೇಲೊಂದು ದೊರಕುವವು. ಆದಕಾರಣ ಮುಂದಕ್ಕೆ ಹೋಗಿ ಎರಡನೆಯ ಗೋಲು ಹುಡುಕುವದೇ ಒಳ್ಳೇ ಕಾವಲು ಎಂದು ಬೇರೆಯವರು ಹೇಳುವರು. ಮತ್ತೆ ಕೆಲವರು, ದಣಿದ ಕಾಲುಗಳನ್ನು ತೆಗೆದು ಹೊಸ ಕಾಲುಗಳನ್ನು ಹೊತ್ತಿಗೆ ಮುಂಚೆ ಇಳಿಸಬೇಕಾಗಿತ್ತು ಅನ್ನುವರು. ಆ ಕಾಲದ ನಿಯಮದಂತೆ ಒಂದು ಆಟದಲ್ಲಿ ಮೂವರನ್ನು ಮಾತ್ರ ಬದಲಾಯಿಸಬಹುದಾಗಿತ್ತು.

ಮೂಲೆಯ ಒದೆತವನ್ನು ತಡೆಯುವದರಲ್ಲಿಯೂ ಎರಡು ಕ್ರಮಗಳುಂಟು. ಒಂದರಲ್ಲಿ ಒಬ್ಬೊಬ್ಬ ಕಾವಲುಗಾರನಿಗೆ ಒಬ್ಬೊಬ್ಬ ಎದುರಾಳಿ. ಅವನು ಎಲ್ಲಿ ಹೋದರೆ ಇವನೂ ಅಲ್ಲಿಗೆ ಹೋಗಬೇಕು. ಮತ್ತೊಂದರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಜಾಗ. ಅಲ್ಲಿಗೆ ಬಂದ ಚೆಂಡು ಅವನದು. ಎರಡನೆಯದನ್ನು ನಮ್ಮ ರೈತರು ಬೇಗನೆ ತಿಳಿದುಕೊಳ್ಳುವರು. ಜೋಳ ತೆನೆ ಬಿಟ್ಟಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುವವರು ಹೊಲವನ್ನು ಹೀಗೆಯೇ ಹಂಚಿಕೊಳ್ಳುತ್ತಾರಲ್ಲವೇ? ಹಕ್ಕಿಯ ಹಿಂಡು ಎಲ್ಲಿ ಇಳಿಯುವದು? ಇಬ್ಬರ ಪಾಲುಗಳು ಕೂಡುವ ಸಾಲಿನಲ್ಲಿ ಇಳಿಯುವದು. ಅದು ಅವನ ಪಾಲೆಂದು ಇವನೂ, ಇವನ ಪಾಲೆಂದು ಅವನೂ ಸುಮ್ಮನಿರುವರು. ಎಷ್ಟೋ ಗೋಲುಗಳು, ಎಷ್ಟೋ ಸಭೆಗಳ ಎಷ್ಟೋ ಕೆಲಸಗಳು ಆ ಸಾಲಿನಲ್ಲಿಯೇ ಹಾಳಾಗುವವು.

ಹೀಗೆ ವಿಚಾರಿಸುವದನ್ನು ದೇವರ ವಾಕ್ಯವು ತಡೆಯುವದಿಲ್ಲ. ಇಸ್ರಾಯೇಲ್ಯರು ಯೆರಿಕೋವನ್ನು ಗೆದ್ದ ಉಬ್ಬಿನಲ್ಲಿ ಆಯಿ ಎಂಬ ಸಣ್ಣ ಊರಿಗೆ ಸುಮಾರು 3,000 ಜನರನ್ನು ಮಾತ್ರ ಕಳುಹಿಸಿ, ಸುಮಾರು 36 ಮಂದಿಯನ್ನು ಕಳೆದುಕೊಂಡು ಓಡಿಬಂದಾಗ, ಆಗಿದ್ದೇ ಒಳ್ಳೇದೆಂದು ಯೆಹೋಶುವನು ಸುಮ್ಮನಿರಲಿಲ್ಲ. ಕಾರಣವನ್ನು ಹುಡುಕಲಾಯಿತು. ಎರಡನೆಯ ಸಾರಿ ಹೋಗುವಾಗ ಉಪಾಯವೂ ಬದಲಾಯಿತು; ಊರ ಹಿಂದೆ ಹೊಂಚುಕೂತವರನ್ನು ಇಟ್ಟು ಕಾದಾಡಿದರು. ಆದಕಾರಣ, ಬಯಲಿನಲ್ಲಿ ಕೆಟ್ಟದ್ದನ್ನು ಬಯಲಿನ ಬುದ್ಧಿಯಿಂದ ತಿದ್ದಬಾರದು, ಪ್ರಾರ್ಥನೆ ಒಂದೇ ಸಾಕು ಎಂದು ಹೇಳುವವರು ಯೆಹೋಶುವನ ಪುಸ್ತಕದ 8ನೆಯ ಅಧ್ಯಾಯವನ್ನು ಓದಿ ನೋಡಲಿ.

ಆದರೆ ಅದೇ ಸಂಗತಿಯಲ್ಲಿ ಆಕಾನನು ಸಿಕ್ಕಿಬಿದ್ದನಲ್ಲಾ, ಒಬ್ಬನ ತಪ್ಪಿನಿಂದಲೇ ಎಲ್ಲವೂ ಕೆಟ್ಟಿತಲ್ಲಾ ಎಂದು ಯಾರಾದರೂ ಕೇಳಬಹುದು. ನಿಜವೇ. ಆಕಾನನು ಕದ್ದನು, ಕದ್ದದ್ದನ್ನು ಗುಡಾರದ ನೆಲದಲ್ಲಿ ಹೂತಿಟ್ಟನು. ಕದ್ದವನು ಬೇರೆ, ದಣಿದವನು ಬೇರೆ. ಸಭೆಯ ಹಣವು ಕಾಣೆಯಾದರೆ ಹೆಸರು ಹಿಡಿದು ಲೆಕ್ಕ ಕೇಳತಕ್ಕದ್ದು; ಅದರಲ್ಲಿ ದಾಕ್ಷಿಣ್ಯ ಬೇಡ. 87ನೆಯ ನಿಮಿಷದಲ್ಲಿ ಒಂದು ಮೊಳ ಕಡಿಮೆ ಹಾರಿದವನಾದರೋ ಏನನ್ನೂ ಹೂತಿಟ್ಟವನಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದೇ ನಾವು ಕಾಣುವ ದೊಡ್ಡ ಅನ್ಯಾಯ.

ಈಗ ನಮ್ಮ ಹುಡುಗರ ಮಾತಿನಲ್ಲಿ ನಾವು ಗುರುತಿಸಿದ್ದನ್ನು ಹೇಳುತ್ತೇವೆ. ತಂಡವು ಗೆದ್ದ ದಿವಸ ಅವರು, ನಾವು ಗೆದ್ದೆವು, ನಾವು ಹೊಡೆದೆವು ಎಂದು ಹೇಳುತ್ತಾರೆ. ಮೂಡಲಗಿಯ ಹತ್ತಿರದ ಹೊಲದಲ್ಲಿ ಕುಳಿತವನು ಬೆಂಗಳೂರಿನ ಹುಲ್ಲನ್ನು ತುಳಿದವನಲ್ಲ. ಆದರೂ ನಾವು ಅನ್ನುತ್ತಾನೆ, ಮತ್ತು ಅದು ಪ್ರೀತಿಯ ಮಾತಾದದರಿಂದ ಯಾರೂ ನಗುವದಿಲ್ಲ. ಆಟವು ಸಮವಾದ ದಿವಸವೋ? ಅವರು ಕಾಯಲಿಲ್ಲ, ಅವನು ಹಾರಲಿಲ್ಲ, ಅವರ ಗುರುವಿಗೆ ಬುದ್ಧಿ ಇರಲಿಲ್ಲ. ಒಂದೇ ನಾಲಿಗೆ, ಒಂದೇ ತಂಡ. ನಿನ್ನೆ ನಾವು, ಇಂದು ಅವರು. ಯಾವ ಪಟ್ಟು ಹಾಕಬೇಕಾಗಿತ್ತೆಂಬ ವಾದದಲ್ಲಿ ದೋಷವಿಲ್ಲ. ದೋಷವು ಈ ಒಂದು ಶಬ್ದದಲ್ಲಿ ಹೊಕ್ಕಿದೆ.

ಈ ಶಬ್ದವು ಎಷ್ಟು ದೂರ ಹೋಗಬಲ್ಲದೆಂಬದಕ್ಕೆ ಕೊಲಂಬಿಯ ದೇಶದ ಸಂಗತಿಯು ಸಾಕ್ಷಿಯಾಗಿದೆ. 1994ರ ಜೂನ್ 22ರಂದು ಲೋಕಕಪ್ಪಿನ ಆಟದಲ್ಲಿ ಆಂದ್ರೇಸ್ ಎಸ್ಕೋಬಾರ್ ಎಂಬ ಹಿಂದಣ ಸಾಲಿನವನು ಎದುರಾಳಿಯ ಒದೆತವನ್ನು ತಡೆಯಲಿಕ್ಕೆ ಕಾಲು ಚಾಚಿದಾಗ ಚೆಂಡು ತಮ್ಮ ಗೋಲಿನೊಳಗೇ ಹೋಯಿತು. ಹತ್ತು ದಿವಸಗಳ ಮೇಲೆ, ಜುಲೈ 2ರಂದು, ತನ್ನ ಸ್ವಂತ ಊರಾದ ಮೆಡೆಜಿನ್ ಪಟ್ಟಣದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ವಯಸ್ಸು 27. ಇಂಥದು ನಮ್ಮಲ್ಲಿ ಆಗುವದಿಲ್ಲವೆಂದು ಹೇಳುವಿರೋ? ಗುಂಡಿನಿಂದ ಆಗುವದಿಲ್ಲ, ಸರಿ. ನಾಲಿಗೆಯು ಬೆಂಕಿಯೆಂದು ಯಾಕೋಬನು ಬರೆದದ್ದು ಯಾರಿಗೆ?

ರೆಫೀದೀಮಿನಲ್ಲಿ ನಡೆದದ್ದನ್ನು ನೋಡೋಣ. ಅಮಾಲೇಕ್ಯರು ಮೇಲೆ ಬಿದ್ದಾಗ ಯೆಹೋಶುವನು ಬಯಲಿನಲ್ಲಿ ಕಾದಾಡುತ್ತಿದ್ದನು. ಮೋಶೆಯು ಗುಡ್ಡದ ತುದಿಯಲ್ಲಿ ಕೈಯೆತ್ತಿ ನಿಂತಿದ್ದನು. ಕೈ ಮೇಲಿದ್ದಾಗ ಇಸ್ರಾಯೇಲ್ಯರು ಬಲಗೊಂಡರು, ಕೈ ಇಳಿದಾಗ ಅಮಾಲೇಕ್ಯರು. ಕೈಗಳು ಭಾರವಾದವು. ಮೋಶೆಯ ಕೈಗಳೇ ಭಾರವಾದವು, ಗಮನಿಸಿರಿ. ಸಮುದ್ರದ ಮೇಲೆ ಚಾಚಿದ ಕೈಗಳು ಅವು. ಕಾದಾಟವು ಆರಂಭದಲ್ಲಿ ಕೆಡಲಿಲ್ಲ, ನಡುವೆ ಕೆಡಲಿಲ್ಲ. ಹೊತ್ತು ಇಳಿಯುತ್ತಾ ಬಂದಾಗ ಕೆಡಲಿಕ್ಕೆ ತೊಡಗಿತು. 87ನೆಯ ನಿಮಿಷವೆಂಬದು ಹೊಸದಲ್ಲ.

ಆಗ ಅಲ್ಲಿ ಆರೋನನೂ ಹೂರನೂ ಇದ್ದರು. ಕೆಳಗೆ ತಮ್ಮವರು ಹಿಂದೆ ಸರಿಯುತ್ತಿರುವದು ಅವರಿಗೆ ಕಾಣುತ್ತಿತ್ತು. ಕಾರಣವೂ ಅವರಿಗೆ ಗೊತ್ತಿತ್ತು, ಯಾಕಂದರೆ ಆ ಕೈಗಳು ಅವರ ಕಣ್ಣೆದುರಿನಲ್ಲಿಯೇ ಇಳಿಯುತ್ತಿದ್ದವು. ಅವರು ಬಯಸಿದ್ದರೆ, ಮೋಶೆಗೆ ವಯಸ್ಸಾಯಿತು, ಬೇರೊಬ್ಬನನ್ನು ನಿಲ್ಲಿಸಬೇಕಾಗಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದಾಗಿತ್ತು. ಅವರು ಒಂದು ಕಲ್ಲನ್ನು ತಂದರು. ಅದರ ಮೇಲೆ ಅವನನ್ನು ಕೂಡಿಸಿ, ಈಚೆಗೆ ಒಬ್ಬನು ಆಚೆಗೆ ಒಬ್ಬನು ನಿಂತು ಹೊತ್ತು ಮುಣುಗುವ ವರೆಗೆ ಕೈಗಳನ್ನು ಹಿಡಿದುಕೊಂಡರು. ಇದೂ ಒಂದು ಯುದ್ಧತಂತ್ರವೇ ಅಲ್ಲವೇ? ದಣಿದವನನ್ನು ತೆಗೆದುಹಾಕದೆ ಅವನ ಕೆಳಗೆ ಕಲ್ಲಿಡುವ ತಂತ್ರ.

ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದ ಕುಟುಂಬಗಳು ನಮ್ಮ ಓದುಗರಲ್ಲಿ ಇದ್ದಾವೆ. ಯಂತ್ರದ ಮೇಲೆ ನೂಲು ಹರಿದರೆ ಕೆಲಸದವನು ಮೊದಲು ಏನು ಮಾಡುವನೆಂದು ಅವರನ್ನು ಕೇಳಿರಿ. ತುದಿ ಹುಡುಕಿ ಕೂಡಿಸುವನು. ಹರಿದದ್ದು ಯಾಕೆ, ಹತ್ತಿ ಕೆಟ್ಟದ್ದೋ, ಕದಿರು ಕೆಟ್ಟದ್ದೋ ಎಂಬ ವಿಚಾರವು ಆಮೇಲೆ ಬರುವದು, ಬರಲೂ ಬೇಕು.

ನಮ್ಮ ಸಭೆಗಳಲ್ಲಿ ಪೂರ್ತಿ ಸೋಲು ಬಹಳ ವಿರಳ. ನಮಗೆ ಬರುವದೆಲ್ಲ ಸಮವಾದ ಆಟಗಳೇ. ದೇವಾಲಯದ ಗೋಡೆಗಳು ಏಳುವವು, ಮಾಳಿಗೆ ಬೀಳುವದಿಲ್ಲ. ಸುಗ್ಗಿಯ ಹಬ್ಬದ ಕಾಣಿಕೆಯು ನೆನಸಿದ್ದರಲ್ಲಿ ಅರ್ಧಕ್ಕೆ ನಿಲ್ಲುವದು. ಭಾನುವಾರದ ಶಾಲೆಗೆ ಜೇಷ್ಠದಲ್ಲಿ ಮೂವತ್ತು ಮಕ್ಕಳು, ಕಬ್ಬಿನ ಕಡಿತ ಬಂದಾಗ ಒಂಭತ್ತು. ಆ ದಿವಸ ಆರಾಧನೆ ಮುಗಿಸಿ ಮನೆಗೆ ಹೋಗುವ ದಾರಿಯ ಮಾತನ್ನು ಕಿವಿಗೊಟ್ಟು ಕೇಳಿರಿ. ಉಪದೇಶಿಯು ಮನೆಮನೆಗೆ ಬರಲಿಲ್ಲ. ಹಿರಿಯರು ಮುಂದೆ ಬೀಳಲಿಲ್ಲ. ಹೆಂಗಸರ ಕೂಟದವರು ಹಾಡಿದ್ದೇ ಹಾಡಿದರು. ಈ ಮಾತಿನಲ್ಲಿ ಸುಳ್ಳಿರಲಿಕ್ಕಿಲ್ಲ. ಆದರೆ ನಾವು ಎಂಬ ಶಬ್ದವನ್ನು ಅದರಲ್ಲಿ ಹುಡುಕಿರಿ. ಗೋಡೆ ಎದ್ದಾಗ ಅದೇ ಬಾಯಿ, ನಾವು ಕಟ್ಟಿದೆವು ಎಂದಿತ್ತು.

ಆ ಮಾತು ಉಪದೇಶಿಯ ಕಿವಿಗೆ ಬೀಳದೆಂದು ನೆನಸಬೇಡಿರಿ. ಹಳ್ಳಿಯಲ್ಲಿ ಯಾವ ಮಾತು ಯಾರ ಕಿವಿಗೆ ಬೀಳುವದಿಲ್ಲ? ಊರಿನಿಂದ ಊರಿಗೆ ಸೈಕಲ್ಲಿನ ಮೇಲೆ ಹೋಗಿ ಮೂರು ಕೂಟಗಳನ್ನು ನಡಿಸಿ ರಾತ್ರಿ ಮನೆಗೆ ಬಂದವನು, ಬಾಗಿಲ ಬಳಿಯಲ್ಲಿ ಹೆಂಡತಿಯ ಮುಖವನ್ನು ನೋಡಿ, ಇವಳಿಗೂ ಯಾರೋ ಹೇಳಿದ್ದಾರೆಂದು ತಿಳಿಯುವನು. ಆ ರಾತ್ರಿ ಅವನು ಊಟ ಮಾಡುವನೋ ಇಲ್ಲವೋ ನಮಗೆ ಕಾಣುವದಿಲ್ಲ. ಮರುವರುಷ ಅವನು ವರ್ಗ ಕೇಳಿಕೊಂಡು ಹೋದಾಗ, ನಮ್ಮಲ್ಲಿ ಯಾರೂ ನಿಲ್ಲುವದಿಲ್ಲವೆಂದು ನಾವೇ ದುಃಖಿಸುವೆವು.

ದಾನಿಯೇಲನ ಪ್ರಾರ್ಥನೆಯನ್ನು ಓದಿರಿ. ಯೆರೂಸಲೇಮು ಹಾಳಾಗಲಿಕ್ಕೆ ಕಾರಣರಾದವರು ಅವನ ಹಿಂದಿನ ತಲೆಯವರು. ಅವನಾದರೋ ಹುಡುಗನಾಗಿದ್ದಾಗಲೇ ಬಾಬೆಲಿಗೆ ಸೆರೆಯಾಗಿ ಹೋದವನು. ಅರಸನ ಊಟವನ್ನು ಮುಟ್ಟಲಿಲ್ಲ, ಸಿಂಹಗಳ ಗವಿಗೆ ಹೆದರಿ ಪ್ರಾರ್ಥನೆಯನ್ನು ಬಿಡಲಿಲ್ಲ. ತನ್ನ ಜನರನ್ನು ಅವರು ಎಂದು ಕರೆಯಲಿಕ್ಕೆ ಹಕ್ಕುಳ್ಳವನು ಸತ್ಯವೇದದಲ್ಲಿ ಯಾರಾದರೂ ಇದ್ದರೆ ಅವನೇ. ಆದರೂ ಗೋಣಿಯನ್ನು ಹೊದ್ದು ಬೂದಿಯಲ್ಲಿ ಕುಳಿತು ಆಡಿದ ಆ ಪ್ರಾರ್ಥನೆಯಲ್ಲಿ ಅವನು ಆ ತಪ್ಪಿನೊಳಗೆ ತನ್ನನ್ನೂ ಸೇರಿಸಿಕೊಂಡು, ಪಾಪ ಮಾಡಿದವರು ನಾವೇ ಎಂದು ಮತ್ತೆ ಮತ್ತೆ ಅರಿಕೆಮಾಡುತ್ತಾನೆ. ನೆಹೆಮೀಯನೂ ತನ್ನ ಪುಸ್ತಕದ ಆರಂಭದಲ್ಲಿ ಹಾಗೆಯೇ ಮಾಡಿದನು. ಆಮೇಲೆ ಎದ್ದುಹೋಗಿ, ರಾತ್ರಿಯ ಹೊತ್ತು ಗೋಡೆಯನ್ನು ಸುತ್ತಿ, ಎಲ್ಲಿ ಬಿರುಕು ಬಿದ್ದಿದೆಯೆಂದು ಒಂದೊಂದಾಗಿ ನೋಡಿದನು. ಬಿರುಕನ್ನು ನೋಡುವದಕ್ಕೆ ಮೊದಲು ನಾವು ಎಂಬ ಶಬ್ದವನ್ನು ಹೇಳಿದ್ದರಿಂದ ಅವನ ನೋಟವು ಜನರನ್ನು ನೋಯಿಸಲಿಲ್ಲ. ಒಬ್ಬೊಬ್ಬನು ತನ್ನ ತನ್ನ ಮನೆಯ ಮುಂದಣ ಗೋಡೆಯನ್ನು ಕಟ್ಟಲಿಕ್ಕೆ ಎದ್ದುಬಂದನು.

ನಮ್ಮ ಯೌವನಸ್ಥರಿಗೆ ನಾವು ಹೇಳುವದು ಇಷ್ಟೇ: ಆಟದ ವಿಷಯ ವಾದಿಸಿರಿ, ಸಂತೋಷದಿಂದ ವಾದಿಸಿರಿ. ಹಿಂದಕ್ಕೆ ಸರಿದದ್ದು ತಪ್ಪೋ, ಮುಂದಕ್ಕೆ ಹೋಗದ್ದು ತಪ್ಪೋ ಎಂದು ಚಹ ಆರುವ ವರೆಗೂ ಮಾತಾಡಿರಿ. ಆದರೆ ಗೆದ್ದಾಗ ಬಳಸಿದ ಶಬ್ದವನ್ನೇ ಕೈತಪ್ಪಿದಾಗಲೂ ಬಳಸಿರಿ. ನಾವು ಆ ಮೂಲೆಯ ಒದೆತವನ್ನು ತಡೆಯಲಿಲ್ಲ ಎಂದು ಹೇಳಿ ನೋಡಿರಿ. ವಾದವು ನಿಲ್ಲುವದಿಲ್ಲ, ವಿಷವು ಮಾತ್ರ ಇಳಿಯುವದು. ನಿಮ್ಮ ಮೊಬೈಲಿನಿಂದ ಒಬ್ಬ ಆಟಗಾರನ ತಾಯಿಯನ್ನೋ ಜಾತಿಯನ್ನೋ ಬಣ್ಣವನ್ನೋ ಹೆಸರಿಸಿ ಒಂದು ಮಾತು ಹೋಗುವದಾದರೆ, ಅದನ್ನು ಕಳುಹಿಸಿದವನು ಬಳಿಕ ಕರ್ತನ ಭೋಜನಕ್ಕೆ ಕೈ ನೀಡುವದಕ್ಕೆ ಮುಂಚೆ ಆಲೋಚಿಸಲಿ. ಜಾತಿಯ ಹೆಸರಿನಿಂದ ಕರೆಯಿಸಿಕೊಂಡ ನೋವು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಆ ಬೆಂಗಳೂರು ತಂಡದವರು ಏನು ಮಾಡಿದರೆಂದು ಕೇಳುವಿರಾದರೆ, ಅದೇ ಗುರುವಾದ ಆಶ್ಲಿ ವೆಸ್ಟ್‌ವುಡ್ ಮರುವರುಷವೂ ಇದ್ದನು, ನಾಯಕನಾದ ಸುನಿಲ್ ಛೇತ್ರಿಯೂ ಇದ್ದನು, ಜಾನ್ಸನ್ನನೂ ಇದ್ದನು. 2016ರ ಏಪ್ರಿಲ್ 17ರಂದು ಅದೇ ಕಂಠೀರವದಲ್ಲಿ ಗೋವೆಯ ಸಾಲ್ಗಾವ್‌ಕರ್ ತಂಡವನ್ನು 2-0ರಿಂದ ಸೋಲಿಸಿ, ಕೈತಪ್ಪಿದ್ದ ಕಿರೀಟವನ್ನು ತಿರಿಗಿ ಪಡೆದರು. ಹಾಗೆಂದು ಮೂಲೆಯ ಒದೆತದ ಪಾಠವು ಒಂದೇ ಸಾರಿಗೆ ಮುಗಿಯಲಿಲ್ಲ. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಆಟದಲ್ಲಿ, ತಮ್ಮ ಬಯಲಿನಲ್ಲಿಯೇ, ಮದ್ರಾಸಿನ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಮೂಲೆಯ ಒದೆತಗಳಿಂದಲೇ ಎರಡು ಸಾರಿ ತಲೆಯಿಂದ ಗೋಲು ಹೊಡೆಯಲು, ಅವರು 3-2ರಿಂದ ಸೋತರು. ಸರಿಯಾಗಿ ಒಂದು ವರುಷದ ತರುವಾಯ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವೆಯವರ ಸಂಗಡ ಅದೇ ಅಂತಿಮ ಆಟ. 90 ನಿಮಿಷಗಳಲ್ಲಿ ಗೋಲಿಲ್ಲ, ಹೆಚ್ಚಿನ ಹೊತ್ತೂ ತೀರುತ್ತಾ ಬಂತು. 117ನೆಯ ನಿಮಿಷದಲ್ಲಿ ಬೆಂಗಳೂರಿಗೆ ಮೂಲೆಯ ಒದೆತ ದೊರಕಿತು. ಎಲ್ಲರ ಕಾಲುಗಳೂ ಕಲ್ಲಾಗಿದ್ದ ಆ ಹೊತ್ತಿನಲ್ಲಿ ಮೇಲಕ್ಕೆ ಎದ್ದು ಚೆಂಡನ್ನು ತಲೆಯಿಂದ ಒಳಗೆ ಹಾಕಿದವನು ರಾಹುಲ್ ಭೇಕೆ. ಅವನೂ ಹಿಂದಣ ಸಾಲಿನವನೇ.